ಕೊಳೆರೋಗವನ್ನು ಬೆನ್ನಟ್ಟಿದ ಕೋಲ್ಮನ್ನರು

ಮಲೆನಾಡಿನ ಅಡಕೆ ತೋಟಿಗರಿಗೆ ಹಿಂದೆ ಮಳೆಗಾಲವೆಂದರೆ ಭಯ. ವರ್ಷದ ಬದುಕೆಲ್ಲವೂ ಎಳೆಗಾಯಾಗಿ ಕೊಳೆತು ಮರದಡಿ ಉದುರುತ್ತಿದ್ದಿತು; ಗೊನೆಗಳಿಗೆ ಕೊಟ್ಟೆ ಕಟ್ಟುವುದೇ ಅವರು ಬಲ್ಲ ಉಪಾಯ.

ಕೆನಡಾ ದೇಶದಲ್ಲಿ 1878ರಲ್ಲಿ ಜನಿಸಿದ ಲೆಸ್ಲಿ ಕೋಲ್ಮನ್ನರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಈ ರೋಗದ ಬೆನ್ನು ಹತ್ತಿದರು. ರೋಗಕಾರಕವಾದ ಫೈಟಾಫ್ತೊರಕ್ಕೆ ಹಸಿರಿಲ್ಲ. ತನ್ನ ಅನ್ನವನ್ನು ತಾನೇ ಮಾಡಿಕೊಳ್ಳಲಾರದು. ಅದರ ಬೀಜಕಣಗಳು ಮಳೆನೀರಿನಲ್ಲಿ ಈಜಿ ಕಾಯನ್ನು ಸೇರುತ್ತವೆ. ಅವುಗಳಿಂದ ಹೊರಟ ಎಳೆಗಳು ಒಳಹೊಕ್ಕು, ಪಾಚಕರಸದಿಂದ ಜೀವಕೋಶಗಳನ್ನು ಕರಗಿಸಿ ಸಾರವನ್ನು ಹೀರುತ್ತವೆ. ಹೊಕ್ಕ ಮೇಲೆ ಮದ್ದು ವ್ಯರ್ಥ. ಆದುದರಿಂದ ಕೋಲ್ಮನ್ನರು ಮೈಲುತುತ್ತ, ಸುಣ್ಣಗಳ ಬೋರ್ಡೊ ದ್ರಾವಣಕ್ಕೆ, ಜಡಿಮಳೆಗೆ ತೊಳೆದುಹೋಗದಂತೆ ರಾಳದ ಅಂಟು ಬೆರೆಸಿ, ಮುಂಚಿತವಾಗಿಯೇ ಗೊನೆಗಳಿಗೆ ಸಿಂಪಡಿಸುವುದನ್ನು ಕಲಿಸಿದರು. ಫ್ರಾನ್ಸಿನ ದ್ರಾಕ್ಷಿತೋಟದಲ್ಲಿ ಹುಟ್ಟಿದ ಈ ಮದ್ದು ನಾಸಿಕದ ದ್ರಾಕ್ಷಿಗೂ ಬಳಕೆಯಲ್ಲಿದೆ.

1934ರಲ್ಲಿ ಕೃಷಿ ನಿರ್ದೇಶಕರಾಗಿ ನಿವೃತ್ತರಾದ ಅವರು 1954ರಲ್ಲಿ ತೀರಿಕೊಂಡರು. ಮುಂಗಾರು ಬರುತ್ತಲೇ ಆ ನೀಲಿ ಮದ್ದು ಮಲೆನಾಡಿನಲ್ಲಿ ಇಂದಿಗೂ ಮರವೇರುತ್ತದೆ.