ಉಲ್ಕೆಯ ವೇಗವನ್ನಳೆದ ಎಲ್ಕಿನ್

ಮೋಡವಿಲ್ಲದ ಇರುಳಿನಲ್ಲಿ ದೇವನೂರಿನಂತಹ ಹಳ್ಳಿಯ ಬಯಲಿನಲ್ಲಿ ನಿಂತು ಮೇಲೆ ನೋಡಿದರೆ, ಬೆಳಕಿನ ಗೆರೆಯೊಂದು ಆಕಾಶವನ್ನು ಸೀಳಿ ಕ್ಷಣಮಾತ್ರದಲ್ಲಿ ಮರೆಯಾಗುವುದನ್ನು ಕಾಣಬಹುದು. ನಕ್ಷತ್ರ ಬಿದ್ದಿತೆಂದು ಜನರು ಹೇಳುವುದುಂಟು. ಬೀಳುವುದು ನಕ್ಷತ್ರವಲ್ಲ, ಉಲ್ಕೆ. ಅಂತರಿಕ್ಷದಲ್ಲಿ ಅಲೆಯುವ ಸಣ್ಣ ಕಣವು ವಾಯುಮಂಡಲವನ್ನು ಹೊಕ್ಕು ಉರಿದಾಗ ಆ ಬೆಳಕು ಉಂಟಾಗುತ್ತದೆ. ಈ ಕಣವು ಸೂರ್ಯನ ಪರಿವಾರಕ್ಕೆ ಸೇರಿದುದೋ, ಹೊರಗಿನ ನಕ್ಷತ್ರಲೋಕದಿಂದ ಬಂದುದೋ? ಉತ್ತರವು ಅದರ ವೇಗದಲ್ಲಿ ಅಡಗಿದೆ. ಆ ವೇಗವನ್ನು ಛಾಯಾಚಿತ್ರದಿಂದ ಅಳೆಯಲು ಮೊದಲಿಗೆ ಶ್ರಮಿಸಿದವರಲ್ಲಿ ವಿಲಿಯಂ ಲೂಯಿಸ್ ಎಲ್ಕಿನ್ ಪ್ರಮುಖನು.

ಎಲ್ಕಿನ್ 1855ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಜನಿಸಿದನು. ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಎಂಜಿನಿಯರಿಂಗ್ ಕಲಿತು, ಬಳಿಕ ಸ್ಟ್ರಾಸ್‌ಬರ್ಗ್‌ನಲ್ಲಿ ಖಗೋಳ ವಿಜ್ಞಾನವನ್ನು ಅಭ್ಯಾಸಮಾಡಿ, 1880ರಲ್ಲಿ ಡಾಕ್ಟರೇಟ್ ಪದವಿ ಪಡೆದನು. ದಕ್ಷಿಣ ಆಫ್ರಿಕದ ಕೇಪ್ ವೀಕ್ಷಣಾಲಯದಲ್ಲಿ ಡೇವಿಡ್ ಗಿಲ್ ಎಂಬ ಖಗೋಳಜ್ಞನೊಡಗೂಡಿ ನಕ್ಷತ್ರಗಳ ದೂರವನ್ನು ಅಳೆದನು. ಅತಿಸೂಕ್ಷ್ಮವಾದ ಕೋನಗಳನ್ನು ತಾಳ್ಮೆಯಿಂದ ಅಳೆಯುವ ಅಭ್ಯಾಸ ಅವನಿಗೆ ಅಲ್ಲಿ ಕೈಗೂಡಿತು. 1884ರಲ್ಲಿ ಅಮೆರಿಕದ ಯೇಲ್ ವೀಕ್ಷಣಾಲಯವನ್ನು ಸೇರಿ, 1896ರಲ್ಲಿ ಅದರ ನಿರ್ದೇಶಕನಾದನು.

ಯೇಲ್‌ನಲ್ಲಿ ಅವನು ಉಲ್ಕೆಗಳ ಛಾಯಾಚಿತ್ರಗಳನ್ನು ತೆಗೆಯತೊಡಗಿದನು. ಎರಡು ಸ್ಥಳಗಳಿಂದ ಒಂದೇ ಉಲ್ಕೆಯ ಚಿತ್ರ ದೊರೆತರೆ ಅದರ ಎತ್ತರವೂ ಹಾದಿಯ ಉದ್ದವೂ ತಿಳಿಯುತ್ತವೆ. ಆದರೆ ಆ ಹಾದಿಯನ್ನು ಕ್ರಮಿಸಲು ಹಿಡಿದ ಕಾಲವೆಷ್ಟು? ಚಿತ್ರದಲ್ಲಿ ಕಾಣುವುದು ಬರಿಯ ಗೆರೆ. ಎಲ್ಕಿನ್ ಸೈಕಲ್ಲಿನ ಚಕ್ರವೊಂದಕ್ಕೆ ಬೆಳಕನ್ನು ತಡೆಯುವ ಪಟ್ಟಿಗಳನ್ನು ಕಟ್ಟಿ, ಕ್ಯಾಮೆರಾಗಳ ಮುಂದೆ ತಿರುಗಿಸಿದನು. ಪಟ್ಟಿ ಅಡ್ಡಬಂದಾಗಲೆಲ್ಲ ಬೆಳಕು ಕಡಿದು, ಗೆರೆಯು ತುಂಡುತುಂಡಾಗಿ ಮೂಡಿತು. ಒಂದೊಂದು ತುಂಡೂ ಗಡಿಯಾರದ ಒಂದೊಂದು ಮಿಡಿತದಂತಾಯಿತು.

ಈ ಗಡಿಯಾರವನ್ನು ನಂಬಬೇಕಾದರೆ ಚಕ್ರವು ಒಂದೇ ವೇಗದಲ್ಲಿ ತಿರುಗಬೇಕು. ಆ ವೇಗವೂ ನಿಖರವಾಗಿ ತಿಳಿದಿರಬೇಕು. ಚಕ್ರವು ನೂರಕ್ಕೆ ಐದರಷ್ಟು ನಿಧಾನಿಸಿದುದು ನಮ್ಮ ಗಮನಕ್ಕೆ ಬಾರದಿದ್ದರೆ, ಸೆಕೆಂಡಿಗೆ 40 ಕಿಲೋಮೀಟರ್ ಧಾವಿಸಿದ ಉಲ್ಕೆ 42 ಕಿಲೋಮೀಟರ್ ಧಾವಿಸಿದಂತೆ ಲೆಕ್ಕ ಬರುತ್ತದೆ. ಇದು ಅಲ್ಪ ದೋಷವಲ್ಲ. ಭೂಮಿಯ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ, ಭೂಮಿಯಿರುವ ದೂರದಲ್ಲಿ ಸೂರ್ಯನ ಹಿಡಿತಕ್ಕೆ ಒಳಪಟ್ಟ ಕಣದ ವೇಗವು ಸೆಕೆಂಡಿಗೆ ಸುಮಾರು 42 ಕಿಲೋಮೀಟರನ್ನು ಮೀರಲಾರದು. ಮೀರಿದರೆ ಅದು ಹೊರಗಿನ ಅತಿಥಿ. ಚಕ್ರದ ಸಣ್ಣ ತಪ್ಪಿನಿಂದ ಮನೆಯ ಮಗನೇ ಪರದೇಶಿಯೆನಿಸಬಹುದು.

ಅಂದಿನ ಛಾಯಾಫಲಕಗಳು ಮಂದವಾಗಿದ್ದುದರಿಂದ ಬಹು ಪ್ರಕಾಶದ ಉಲ್ಕೆಗಳು ಮಾತ್ರ ಚಿತ್ರದಲ್ಲಿ ಮೂಡುತ್ತಿದ್ದವು. ಎಷ್ಟೋ ರಾತ್ರಿಗಳ ದುಡಿಮೆಗೆ ದೊರೆತ ಫಲ ಸ್ವಲ್ಪವೇ. ಎಲ್ಕಿನ್ 1910ರಲ್ಲಿ ಅನಾರೋಗ್ಯದಿಂದ ನಿವೃತ್ತನಾಗಿ, 1933ರಲ್ಲಿ ತೀರಿಕೊಂಡನು.

1936ರಲ್ಲಿ ಹಾರ್ವರ್ಡ್‌ನ ಫ್ರೆಡ್ ವಿಪ್ಪಲ್ ಈ ಕಾರ್ಯವನ್ನು ಮತ್ತೆ ಕೈಗೊಂಡನು. ನಂಜನಗೂಡಿನಲ್ಲೊಂದು, ತಿರುಮಕೂಡಲು ನರಸೀಪುರದಲ್ಲೊಂದು ಕ್ಯಾಮೆರಾ ಇಟ್ಟಂತೆ, ದೂರದೂರದ ಎರಡು ನೆಲೆಗಳಲ್ಲಿ ತಿರುಗುವ ಷಟರುಗಳನ್ನು ಅಳವಡಿಸಿ ಉಲ್ಕೆಗಳನ್ನು ಅಳೆದನು. ಚಿತ್ರಕ್ಕೆ ಸಿಕ್ಕ ಉಲ್ಕೆಗಳಲ್ಲಿ ಬಹುಪಾಲು ಸೂರ್ಯನ ಪರಿವಾರದವೆಂದೂ, ಅವುಗಳಲ್ಲಿ ಹೆಚ್ಚಿನವು ಧೂಮಕೇತುಗಳಿಂದ ಉದುರಿದವೆಂದೂ ಕ್ರಮೇಣ ಸಿದ್ಧವಾಯಿತು. ಈ ನಿರ್ಣಯವನ್ನು ಕಾಣಲು ಎಲ್ಕಿನ್ ಬದುಕಿರಲಿಲ್ಲ. ಆದರೆ ಅದಕ್ಕೆ ದಾರಿಮಾಡಿದ ಉಪಾಯಗಳಲ್ಲಿ ಅವನ ಸೈಕಲ್ ಚಕ್ರವೂ ಒಂದು.