ಸೆರೆಯರಸಿಯ ಗುಪ್ತಲಿಪಿ

ಹುಟ್ಟಿದ ಆರನೆಯ ದಿನವೇ ಸ್ಕಾಟ್ಲೆಂಡಿನ ಪಟ್ಟಕ್ಕೆ ಬಂದವಳು ಮೇರಿ. ಅದು ೧೫೪೨ನೆಯ ಇಸವಿ. ಐದರ ಬಾಲೆ ಫ್ರಾನ್ಸಿನ ಅರಮನೆ ಸೇರಿದಳು. ಹದಿನೇಳು ತುಂಬುವ ಮುನ್ನ ಆ ನಾಡಿಗೂ ರಾಣಿಯಾದಳು. ಹದಿನೆಂಟು ತುಂಬುವ ಮುನ್ನ ವಿಧವೆಯಾದಳು. ತಾಯ್ನಾಡಿಗೆ ಮರಳಿದ ಮೇಲಿನ ಡಾರ್ನ್ಲಿಯ ಕೈಹಿಡಿತ, ಅವನ ಕೊಲೆ, ಬಾತ್‌ವೆಲ್‌ನೊಡನೆ ಮರುಮದುವೆ, ೧೫೬೭ರ ಪಟ್ಟತ್ಯಾಗ ಇವೆಲ್ಲ ನಾಟಕಕಾರರ ಕೈಯಲ್ಲಿ ಸಾಕಷ್ಟು ಪಳಗಿವೆ. ಮರುವರ್ಷ ಆಶ್ರಯ ಕೋರಿ ಇಂಗ್ಲೆಂಡಿಗೆ ಬಂದ ಆಕೆಯನ್ನು ಎಲಿಜಬೆತ್ ರಾಣಿ ಕಾವಲಿನಲ್ಲಿಟ್ಟಳು. ಅಲ್ಲಿಂದ ಹದಿನೆಂಟು ವರ್ಷಗಳಿಗೂ ಮೀರಿ ಸೆರೆಯೇ ಆಕೆಯ ಬಾಳು.

ಆ ಸೆರೆಯಲ್ಲಿ ಆಕೆಗೆ ಉಳಿದಿದ್ದ ರಾಜ್ಯವೆಂದರೆ ಓಲೆಗಳು. ಅವನ್ನು ಪರರು ಓದದಂತೆ ಗುಪ್ತಲಿಪಿಯಲ್ಲಿ ಬರೆಸುತ್ತಿದ್ದಳು. ಬಹುಪಾಲು ಲಂಡನ್ನಿನ ಫ್ರೆಂಚ್ ರಾಯಭಾರಿ ಕಾಸ್ಟೆಲ್ನೋನಿಗೆ ೧೫೭೮ರಿಂದ ೧೫೮೪ರವರೆಗೆ ಕಳುಹಿದ ಇಂಥ ಓಲೆಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಹೆಸರಿಲ್ಲದೆ ಬಿದ್ದಿದ್ದವು. ಮೂವರು ಸಂಶೋಧಕರು ಗಣಕಯಂತ್ರದ ನೆರವಿನಿಂದ ಅವುಗಳಲ್ಲಿ ಐವತ್ತೇಳನ್ನು ಬಿಡಿಸಿ ೨೦೨೩ರಲ್ಲಿ ಪ್ರಕಟಪಡಿಸಿದರು. ಆಗ ತಿಳಿದುಬಂದ ಸೋಜಿಗವೊಂದುಂಟು: ಕೆಲವು ಓಲೆಗಳ ಬಿಡಿಸಿದ ಪ್ರತಿಗಳು ಇಂಗ್ಲೆಂಡಿನ ದಫ್ತರಗಳಲ್ಲಿ ಮೊದಲೇ ಇದ್ದವು. ಎಲಿಜಬೆತ್ತಳ ಮಂತ್ರಿ ವಾಲ್ಸಿಂಗ್ಯಾಮನಿಗೆ ರಾಯಭಾರಿಯ ಮನೆಯೊಳಗೇ ಒಬ್ಬ ಬೇಹಿನವನಿದ್ದನು. ಬೀಗ ಎಷ್ಟೇ ಗಟ್ಟಿಯಾಗಿರಲಿ, ಬೀಗದಕೈ ಇದ್ದವನ ಮನೆ ಸೋರುತ್ತಿತ್ತು.

೧೫೮೫ರ ಕೊನೆಗೆ ಆಕೆಯನ್ನು ಚಾರ್ಟ್ಲಿಗೆ ಸಾಗಿಸಿದರು. ಅಲ್ಲಿಗೆ ಬರುವ ಬಿಯರ್ ಪೀಪಾಯಿಗಳಲ್ಲಿ ಓಲೆಗಳನ್ನು ಅಡಗಿಸಿ ಒಯ್ಯುವ ಉಪಾಯವನ್ನು ಗಿಫರ್ಡ್ ಎಂಬವನು ಏರ್ಪಡಿಸಿದನು. ಮೇರಿಗೆ ಅವನು ಆಪ್ತ. ಸಂಬಳ ಮಾತ್ರ ವಾಲ್ಸಿಂಗ್ಯಾಮನದು. ಒಂದೊಂದು ಓಲೆಯೂ ಫಿಲಿಪ್ಸನ ಮೇಜಿನ ಮೇಲೆ ಹಾಯ್ದು ಹೋಗುತ್ತಿತ್ತು. ಅಕ್ಷರಕ್ಕೊಂದು ಚಿಹ್ನೆ, ಬಳಕೆಯ ಮಾತುಗಳಿಗೆ ಬೇರೆ ಚಿಹ್ನೆಗಳು, ದಾರಿ ತಪ್ಪಿಸಲು ಅರ್ಥವಿಲ್ಲದ ನಾಲ್ಕು: ಇಷ್ಟೇ ಆ ಲಿಪಿಯ ಕವಚ. ಯಾವ ಚಿಹ್ನೆ ಎಷ್ಟು ಸಲ ಬಂದಿದೆಯೆಂದು ಎಣಿಸಿ ಭಾಷೆಯ ಪದ್ಧತಿಯೊಡನೆ ಹೋಲಿಸಿದರೆ ಅದು ಬಿಚ್ಚಿಕೊಳ್ಳುವುದು. ಅರಬ್ಬೀ ಪಂಡಿತ ಅಲ್‌ ಕಿಂದೀ ಈ ವಿದ್ಯೆಯನ್ನು ಒಂಬತ್ತನೆಯ ಶತಮಾನದಲ್ಲೇ ವಿವರಿಸಿದ್ದನು.

ಎಲಿಜಬೆತ್ತಳನ್ನು ಕೊಂದು ಮೇರಿಯನ್ನು ಬಿಡಿಸುವ ಸಂಚನ್ನು ಬ್ಯಾಬಿಂಗ್ಟನ್ ಎಂಬ ತರುಣ ೧೫೮೬ರ ಜುಲೈಯಲ್ಲಿ ಆಕೆಗೆ ಬರೆದು ತಿಳಿಸಿದನು. ಹದಿನೇಳನೆಯ ತಾರೀಖಿನ ಆಕೆಯ ಉತ್ತರ ಒಪ್ಪಿಗೆಯಂತೆಯೇ ಇತ್ತು. ಫಿಲಿಪ್ಸನು ಪ್ರತಿಯ ಮೇಲೆ ಗಲ್ಲುಮರದ ಚಿತ್ರ ಬರೆದನಂತೆ. ಅಷ್ಟಕ್ಕೇ ತೃಪ್ತರಾಗದೆ, ಕೊಲೆಗೆ ನಿಂತ ಆರು ಮಂದಿಯ ಹೆಸರು ಕೇಳುವ ಒಕ್ಕಣೆಯೊಂದನ್ನು ಅದೇ ಲಿಪಿಯಲ್ಲಿ ಹುಟ್ಟಿಸಿ ಓಲೆಯ ಕೊನೆಗೆ ಸೇರಿಸಿದರು. ಸಂಚು ನಿಜ, ಅರಸಿಯ ಸಮ್ಮತಿಯೂ ಬಹುಮಟ್ಟಿಗೆ ನಿಜ. ಆದರೆ ಓದುವ ಅಧಿಕಾರ ಪಡೆದವನು ಬರೆಯುವ ಅಧಿಕಾರವನ್ನೂ ತಾನೇ ಕೈಗೊಂಡದ್ದು ಈ ಪ್ರಕರಣದ ಅತ್ಯಂತ ಕಳವಳಕಾರಿ ಸಂಗತಿಯೆಂದು ನನ್ನ ಎಣಿಕೆ. ಅಕ್ಟೋಬರಿನ ವಿಚಾರಣೆಯಲ್ಲಿ ಮೂಲ ಓಲೆಯನ್ನು ತೋರಿಸಿರೆಂದು ಮೇರಿ ಕೇಳಿದಳು. ಮುಂದಿಟ್ಟದ್ದು ಬರಿಯ ಪ್ರತಿಗಳನ್ನು.

೧೫೮೭ರ ಫೆಬ್ರವರಿ ೮ರಂದು ಫಾದರಿಂಗೇ ಕೋಟೆಯಲ್ಲಿ ಆಕೆಯ ಶಿರಚ್ಛೇದವಾಯಿತು. ಅಂದಿನ ಬೆಳಗಿನ ಜಾವ ಎರಡು ಗಂಟೆಗೆ ಮೈದುನನಾದ ಫ್ರಾನ್ಸಿನ ದೊರೆಗೆ ಕಡೆಯ ಓಲೆಯನ್ನು ಬರೆದು ಮುಗಿಸಿದ್ದಳು. ಅದರಲ್ಲಿ ಗುಪ್ತಲಿಪಿಯಿಲ್ಲ, ತಿಳಿಯಾದ ಫ್ರೆಂಚ್. ಆ ಕಾಗದದ ಅಂಚಿನಿಂದಲೇ ಒಂದು ಪಟ್ಟಿಯನ್ನು ಕತ್ತರಿಸಿ, ಮಡಿಕೆಯ ಸೀಳುಗಳಲ್ಲಿ ಹಾಯಿಸಿ ಹೆಣೆದು ಓಲೆಯನ್ನು ಬಂಧಿಸಿದ್ದಳು. ಹರಿಯದೆ ಅದನ್ನು ತೆರೆಯುವಂತಿರಲಿಲ್ಲ.