ಹೂಡಿನಿಯ ಪುಸ್ತಕಭಂಡಾರ

ಕೈಕೋಳ, ಸರಪಳಿ, ಬೀಗ ಜಡಿದ ಪೆಟ್ಟಿಗೆಗಳಿಂದ ಬಿಡಿಸಿಕೊಂಡು ಬರುತ್ತಿದ್ದ ಐಂದ್ರಜಾಲಿಕ ಹ್ಯಾರಿ ಹೂಡಿನಿಯ ಹೆಸರನ್ನು ಕೇಳದವರು ವಿರಳ. ಯಾವ ಬಂಧನಕ್ಕೂ ಸಿಕ್ಕದ ಈ ಮನುಷ್ಯ ಹಳೆಯ ಪುಸ್ತಕಗಳ ಬಂಧನದಿಂದ ಮಾತ್ರ ಕೊನೆಯವರೆಗೂ ಬಿಡುಗಡೆ ಹೊಂದಲಿಲ್ಲವೆಂಬುದನ್ನು ಬಲ್ಲವರು ಕಡಮೆ. ಕನ್ನಡ ಪಾಠ ಹೇಳುವ ನನಗೆ ಅವನ ಬೀಗಗಳ ಕಥೆಗಿಂತ ಈ ಪುಸ್ತಕಗಳ ಕಥೆಯೇ ಹೆಚ್ಚು ಸ್ವಾರಸ್ಯವಾಗಿ ತೋರಿದೆ.

ಅವನ ಹುಟ್ಟುಹೆಸರು ಎರಿಕ್ ವೈಸ್. 1874ರಲ್ಲಿ ಬುಡಾಪೆಸ್ಟಿನಲ್ಲಿ ಜನಿಸಿ, 1878ರಲ್ಲಿ ತಾಯಿಯೊಡನೆ ಅಮೆರಿಕ ಸೇರಿದನು. ತಂದೆ ಯೆಹೂದಿ ಧರ್ಮಗುರು. ಮನೆಯಲ್ಲಿ ವಿದ್ಯೆಗೆ ಗೌರವವಿತ್ತು, ಆದರೆ ಹಣವಿರಲಿಲ್ಲ. ಮಗನಿಗೆ ಶಾಲೆಯ ಓದು ಹೆಚ್ಚು ದಕ್ಕಲಿಲ್ಲ. ಹದಿಹರೆಯದಲ್ಲಿ ಅವನ ಕೈಗೆ ಫ್ರಾನ್ಸಿನ ಪ್ರಖ್ಯಾತ ಜಾದೂಗಾರ ರಾಬರ್ಟ್-ಹೂಡಿನ್ನನ ಆತ್ಮಕಥೆ ಬಿದ್ದಿತು. ಗಡಿಯಾರದ ಕೆಲಸ ಬಲ್ಲ ಆ ಮಹನೀಯ 1871ರಲ್ಲಿಯೇ ತೀರಿಕೊಂಡಿದ್ದನು. ಕಾಣದ ಗುರುವನ್ನು ಮಣ್ಣಿನ ಮೂರ್ತಿಯಲ್ಲಿ ಕಂಡುಕೊಂಡ ಏಕಲವ್ಯನಂತೆ ಹುಡುಗ ಆ ಪುಸ್ತಕದಲ್ಲಿ ಗುರುವನ್ನು ಕಂಡನು. ಹೂಡಿನ್ ಎಂಬ ಹೆಸರಿಗೆ ಒಂದು ಇಕಾರ ಸೇರಿಸಿ ತನ್ನ ಹೆಸರು ಮಾಡಿಕೊಂಡನು.

1900ರಲ್ಲಿ ಯೂರೋಪಿಗೆ ಬಂದ ಮೇಲೆ ಕೀರ್ತಿ ಒದಗಿತು, ಹಣವೂ ಒದಗಿತು. ಹಣದ ಬಹುಭಾಗ ಹಳೆಯ ಗ್ರಂಥ, ಕರಪತ್ರ, ಭಿತ್ತಿಪತ್ರ, ಕಾಗದಪತ್ರಗಳಿಗೆ ಹೋಯಿತು. ಊರಿಂದೂರಿಗೆ ಪ್ರದರ್ಶನಕ್ಕೆ ಹೋದಾಗಲೆಲ್ಲ ಮುಪ್ಪಿನ ಜಾದೂಗಾರರನ್ನು ಹುಡುಕುವನು. ಸತ್ತವರ ಸಮಾಧಿಗಳನ್ನು ಅರಸುವನು. ಡ್ರೆಸ್ಡೆನ್ನಿನಲ್ಲಿ ಹಾಳುಬಿದ್ದಿದ್ದ ಬಾಸ್ಕೋ ಎಂಬ ಹಿರಿಯ ಕಲಾವಿದನ ಸಮಾಧಿಯನ್ನು ತಾನೇ ಕೊಂಡು ಉಳಿಸಿದನು. 1903ರಲ್ಲಿ ಆ ಊರಿನ ಬಳಿಯೇ ಇದ್ದ ವೃದ್ಧ ಫ್ರಿಕೆಲ್ಲನನ್ನು ಕಾಣಲು ಹೋದಾಗ, ಅವನು ಬಾಗಿಲು ತಲಪುವುದಕ್ಕೆ ಕೆಲವೇ ಗಂಟೆಗಳ ಮುಂಚೆ ಆ ವೃದ್ಧ ಕಣ್ಮುಚ್ಚಿದ್ದನು. ಕಾಲದೊಡನೆ ಓಡುವವನಿಗೆ ಇದಕ್ಕಿಂತ ಕಠಿನವಾದ ಎಚ್ಚರಿಕೆ ಬೇಕೆ?

ಮರುವರ್ಷ ಲಂಡನ್ನಿನಲ್ಲಿ ಇವೇನಿಯನ್ ಎಂಬ ಬಡ ಮುದುಕನ ಪರಿಚಯವಾಯಿತು. ಅವನೂ ಜಾದೂಗಾರ, ಜೀವಮಾನವೆಲ್ಲ ರಂಗದ ಕರಪತ್ರಗಳನ್ನು ಕೂಡಿಟ್ಟವನು, ಒಂದು ಭಾಗವನ್ನು ಅದಾಗಲೇ ಬ್ರಿಟಿಷ್ ಮ್ಯೂಸಿಯಮ್ಮಿಗೆ ಮಾರಿದ್ದನು. ಹೂಡಿನಿ ಆಗ ಕಾಯಿಲೆಯಲ್ಲಿದ್ದನು. ಆದರೂ ವೈದ್ಯರ ಮಾತನ್ನು ಮೀರಿ ಆ ಮುದುಕನ ಮನೆಗೆ ಹೋಗಿ, ರಾತ್ರಿ ಬಹು ಹೊತ್ತಿನವರೆಗೂ ಕಾಗದಗಳ ನಡುವೆ ಕುಳಿತಿದ್ದನು. 1905ರಲ್ಲಿ ಇವೇನಿಯನ್ ತೀರಿಕೊಂಡನು. ಆ ಕಾಗದಗಳ ಆಧಾರ ದೊರೆಯದಿದ್ದರೆ ಹೂಡಿನಿಯ ಇತಿಹಾಸರಚನೆ ನಡೆಯುತ್ತಿರಲಿಲ್ಲ.

ಆದರೆ ಆ ರಚನೆ ಹಿಡಿದ ದಾರಿ ವಿಚಿತ್ರವಾದುದು. ಗುರುವಿನ ಸಮಾಧಿಗೆ ಹಾರವಿಡಲು ಅವನು ಫ್ರಾನ್ಸಿಗೆ ಹೋದಾಗ ಆ ಮನೆತನದವರಿಂದ ಆದರ ದೊರೆಯಲಿಲ್ಲ. ಹಳೆಯ ಕರಪತ್ರಗಳೂ ಬೇರೆಯದೇ ಸಾಕ್ಷ್ಯ ನುಡಿಯತೊಡಗಿದುವು: ಗುರು ತನ್ನದೆಂದು ಹೇಳಿಕೊಂಡ ಪವಾಡಗಳಲ್ಲಿ ಹಲವು ಹಿಂದಿನವರು ತೋರಿಸಿದ್ದವೇ. ಗುರುವಿನ ಮೇಲೆ ಬರೆಯಹೊರಟ ಸ್ತುತಿಯು ದೋಷಾರೋಪಣೆಯಾಯಿತು. 1908ರಲ್ಲಿ ಅವನ ಮುಖವಾಡ ಕಳಚುವುದೆಂಬ ಅರ್ಥದ ಹೆಸರು ಹೊತ್ತು ಗ್ರಂಥ ಹೊರಬಂದಿತು. ಏಕಲವ್ಯ ಗುರುವಿಗೆ ಬೆರಳು ಕೊಟ್ಟನು. ಈ ಶಿಷ್ಯ ಗುರುವಿನ ಬೆರಳನ್ನೇ ಬೇಡಿದನು.

ಇಲ್ಲಿ ನಾನು ಹೂಡಿನಿಯ ಪಕ್ಷ ವಹಿಸಲಾರೆ. ಒಂದು ಉದಾಹರಣೆ ಸಾಕು. 1847ರಲ್ಲಿ ರಾಬರ್ಟ್-ಹೂಡಿನ್ ತನ್ನ ಮಗನನ್ನು ಒಂದೇ ಕೋಲಿನ ಆಸರೆಯಲ್ಲಿ ಗಾಳಿಯಲ್ಲಿ ಮಲಗಿಸಿ ತೋರಿಸಿದನು. ಅದಕ್ಕೂ ಮುನ್ನ, 1830ರ ಸುಮಾರಿನಲ್ಲಿ, ನಮ್ಮ ಮದರಾಸಿನಲ್ಲಿಯೇ ಒಬ್ಬ ಬ್ರಾಹ್ಮಣ ಗಾಳಿಯಲ್ಲಿ ಕುಳಿತಂತೆ ತೋರಿಸುತ್ತಿದ್ದನು. ಆ ಸುದ್ದಿ ಇಂಗ್ಲೆಂಡಿನ ಪತ್ರಿಕೆಗಳಿಗೂ ಮುಟ್ಟಿತ್ತು. ಬೀಜ ಹಳೆಯದು, ನಿಜ. ಆದರೆ ಆಗ ತಾನೆ ವೈದ್ಯಲೋಕವನ್ನು ಬೆರಗುಗೊಳಿಸಿದ್ದ ಈಥರ್ ಎಂಬ ಮಂಪರುಮದ್ದಿನ ಪ್ರಭಾವದಿಂದ ಬಾಲಕ ಹಗುರನಾದನೆಂದು ನಂಬಿಸಿದ ಕಲ್ಪನೆ ಯಾರದು? ಪಂಪನು ಕಥೆಯನ್ನು ವ್ಯಾಸನಿಂದ ಪಡೆದನೆಂದು ಅವನನ್ನು ಕಳ್ಳನೆಂದು ಕರೆಯುವೆವೆ? ಮೂಲವನ್ನು ಹುಡುಕುವ ವಿದ್ಯೆ ಹೂಡಿನಿಗೆ ಕರಗತವಾಗಿದ್ದಿತು. ಮೂಲ ಎಲ್ಲಿ ಹೊಸರೂಪ ತಾಳಿತೆಂದು ಕಾಣುವ ತಾಳ್ಮೆ ಇರಲಿಲ್ಲ. ರಾಬರ್ಟ್-ಹೂಡಿನ್ನನ ಆತ್ಮಕಥೆಯಲ್ಲಿ ಕಲ್ಪನೆ ಬೆರೆತಿರುವುದು ದಿಟ. ಆದರೆ ತಾನು ಅಮೆರಿಕದ ಆಪಲ್ಟನ್ನಿನಲ್ಲಿ ಹುಟ್ಟಿದವನೆಂದು ಹೇಳಿಕೊಳ್ಳುತ್ತಿದ್ದ ಹೂಡಿನಿ ಆ ತಪ್ಪನ್ನು ಎತ್ತಿ ಆಡಬಹುದಾಗಿದ್ದಿತೆ? ಮುಂದೆ ಫ್ರಾನ್ಸಿನ ಮಾರಿಸ್ ಸಾರ್ದಿನಾ ಎಂಬ ಲೇಖಕ ಹೂಡಿನಿಯ ತಪ್ಪುಗಳನ್ನು ತೋರಿಸಲೆಂದೇ ಒಂದು ಪುಸ್ತಕ ಬರೆದನು.

ತೀರ್ಪು ಬಿದ್ದುಹೋಯಿತು, ಸಂಗ್ರಹ ಬೀಳಲಿಲ್ಲ. ನ್ಯೂಯಾರ್ಕಿನ ಅವನ ಮನೆ ಕೊನೆಯವರೆಗೂ ಪುಸ್ತಕಗಳಿಂದ ತುಂಬುತ್ತಲೇ ಹೋಯಿತು. 1926ರ ಅಕ್ಟೋಬರ್ 31ರಂದು, 52ನೆಯ ವಯಸ್ಸಿನಲ್ಲಿ, ಹೂಡಿನಿ ಡೆಟ್ರಾಯಿಟ್ ನಗರದಲ್ಲಿ ಅಸುನೀಗಿದನು. ಉಯಿಲಿನಂತೆ ಮಾರನೆಯ ವರ್ಷ ಜಾದೂವಿದ್ಯೆ ಹಾಗೂ ಪ್ರೇತವಾದಕ್ಕೆ ಸಂಬಂಧಿಸಿದ 3,988 ಸಂಪುಟಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸನ್ನು ಸೇರಿದುವು. ನಾಟಕಕ್ಕೆ ಸಂಬಂಧಿಸಿದ ಸಂಗ್ರಹ ಕೈಬದಲಾಯಿಸಿ 1958ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯವನ್ನು ಮುಟ್ಟಿತು.

ಸಂಶೋಧನೆಗೆ ಕೈಹಾಕುವ ನಮ್ಮ ತರುಣರಿಗೆ ಈ ಬಾಳಿನಲ್ಲಿ ಒಂದು ಪಾಠವಿದೆಯೆಂದು ನಾನು ಭಾವಿಸುತ್ತೇನೆ. ಪ್ರೀತಿ ಕೂಡಿಸಿದುದನ್ನು ಕೋಪ ವಿವರಿಸಹೋದರೆ ಸತ್ಯ ಅರ್ಧವೇ ಕಾಣುತ್ತದೆ. ಆದರೂ ಕೂಡಿಸಿದುದು ಪ್ರಾಮಾಣಿಕವಾಗಿದ್ದರೆ, ಉಳಿದ ಅರ್ಧವನ್ನು ಮುಂದಿನವರು ಅದರಲ್ಲಿಯೇ ಹುಡುಕಿಕೊಳ್ಳಬಲ್ಲರು. ಯಾರೂ ಕಾಪಾಡದಿದ್ದ ಹರಕು ಕರಪತ್ರಗಳನ್ನು ಹೂಡಿನಿ ಕಾಪಾಡಿದನು. ಇಂದು ಅವನ ಗುರುವಿನ ಪರವಾಗಿ ವಾದಿಸಬೇಕೆನ್ನುವವನೂ ಆ ಭಂಡಾರದ ಬಾಗಿಲನ್ನು ತಟ್ಟಬಹುದು.